ನಂಗೂ ಇದೆ ಕಣಕ್ಕಾ

ಶಿವಮೊಗ್ಗ
ಗುರುವಾರ

ಯುವರಾಜ್ ಭಾವನವರಿಗೆ ನಾದಿನಿ ದಿವ್ಯಶ್ರೀಯ ನಮಸ್ಕಾರ.

ಫೋನಿನಲ್ಲಾದರೆ ನಮ್ಮಿಬ್ಬರ ದನಿಯೂ ಏರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮಗಳು ಸಿಂಚನಾ ಸೋಮಾರಿಯಲ್ಲ. ನಾವು ಉಂಡ ಅನ್ನವನ್ನು ಶಕ್ತಿಯಾಗಿಸುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ. ನಾನು ಸಂಶೋಧನೆ ಮಾಡುತ್ತಿರುವುದೂ ಅವುಗಳ ಮೇಲೆಯೇ. ಅವಳಲ್ಲಿ ಅವು ಸರಿಯಾಗಿ ಕೆಲಸ ಮಾಡುತ್ತಿಲ್ಲ. ಶಾಲೆಯ ಮೈದಾನದಲ್ಲಿ ಅವಳು ಕುಸಿದು ಕೂತದ್ದು ಅದಕ್ಕೇ.

ಅವು ಮಕ್ಕಳಿಗೆ ತಾಯಿಯಿಂದ ಬರುತ್ತವೆ ಎಂದು ನಾನು ಹೇಳಿದ ದಿನ ನೀವು ಪುಷ್ಪಕ್ಕನಿಗೆ, "ನಿಮ್ಮನೆ ರೋಗ ಕಣೇ ಇದು, ನನ್ನ ಮಗಳಿಗೆ ತಂದಿಟ್ಟೆ" ಎಂದಿರಿ. ಅಂದಿನಿಂದ ಅಕ್ಕ ಮಗಳೊಂದಿಗೆ ನನ್ನ ಮನೆಯಲ್ಲಿದ್ದಾಳೆ. ಜನ್ನಾಪುರದ ನಿಮ್ಮ ಮನೆಯ ಮಾತೇ ಎತ್ತುವುದಿಲ್ಲ.

ಮೊನ್ನೆ ನನ್ನ ರಕ್ತ ಪರೀಕ್ಷೆಯ ವರದಿಯೂ ಬಂತು. ಅದೇ ದೋಷ ನನ್ನಲ್ಲೂ ಇದೆ, ಸ್ವಲ್ಪ ಕಡಿಮೆ ಅಷ್ಟೆ. ನಮ್ಮಮ್ಮ ತನಗೇ ತಿಳಿಯದೆ ಇಬ್ಬರಿಗೂ ಕೊಟ್ಟದ್ದು. ಇನ್ನು ಬೈಯುವುದಾದರೆ ನನ್ನನ್ನೂ ಸೇರಿಸಿ ಬೈಯಿರಿ. "ನಂಗೂ ಇದೆ ಕಣಕ್ಕಾ" ಎಂದಾಗ ಅಕ್ಕ ತುಂಬಾ ಹೊತ್ತು ಅತ್ತಳು. ಆಮೇಲೆ ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಂಡಳು.

ಡಾಕ್ಟರು ಕೊಟ್ಟ ಮಾತ್ರೆ ಸಿಂಚನಾಳಿಗೆ ಹಿಡಿಸಿದೆ. ಪೂರ್ತಿ ವಾಸಿಯಾಗುತ್ತದೆ ಎಂದು ಹೇಳಲಾರೆ. ಆದರೆ ನಿನ್ನೆ ಕೋಟೆ ರಸ್ತೆಯಲ್ಲಿ ನನ್ನ ಕೈ ಬಿಡಿಸಿಕೊಂಡು ಮುಂದೆ ನಡೆದಳು.

ಭಾನುವಾರ ಬನ್ನಿ. ಅವಳನ್ನು ಓಡಿಸಬಾರದೆಂದು ಶಾಲೆಯ ಪಿ.ಟಿ. ಮೇಷ್ಟ್ರಿಗೆ ಡಾಕ್ಟರು ಬರೆದ ಚೀಟಿ ಇಲ್ಲಿದೆ, ಅದನ್ನು ನೀವೇ ಕೊಡಬೇಕು. ಬಸ್‌ಸ್ಟ್ಯಾಂಡಿಗೆ ಮಗಳನ್ನು ಕರೆದುಕೊಂಡು ಅಕ್ಕನೇ ಬರುತ್ತಾಳೆ. ನಾನು ಹೇಳಿದ್ದಲ್ಲ, ಅವಳೇ ಹೇಳಿದ್ದು. ಸಿಂಚನಾಳನ್ನು ಎತ್ತಿಕೊಳ್ಳಲು ಹೋಗಬೇಡಿ. ಮನೆಯವರೆಗೂ ಅಪ್ಪನ ಜೊತೆ ನಡೆದೇ ಬರುತ್ತಾಳಂತೆ.

ಇತಿ,
ದಿವ್ಯಶ್ರೀ