ಎಪ್ಪತ್ತು ವರ್ಷದ ಹಿರಿತನ

ಸ್ತಾವಂಗರ್
ಗುರುವಾರ, ಮಾರ್ಚ್ 14

ನನ್ನ ಇಂಗ್ವಿಲ್,

ಅಮ್ಮ ಕಾಗದ ಬರೆದಿದ್ದಾಳೆ ಅಂದರೆ ಯಾರೋ ಸತ್ತಿರಬೇಕು ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದನ್ನು ನುಂಗಿಕೊಂಡು ಮೊಮ್ಮಗಳು ಸಿಗ್ನೆಯ ಹಲ್ಲುನೋವಿನ ವಿಷಯಕ್ಕೆ ಹೋಗಿಬಿಡುತ್ತೇನೆ. ಮಂಗಳವಾರ ಆದದ್ದೂ ಅದೇ. ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಕಾಫಿ ಆರಿಹೋಗಿದೆ, ಇನ್ನೊಮ್ಮೆ ಬಿಸಿ ಮಾಡಲು ಏಳುವಷ್ಟು ತ್ರಾಣವೂ ಇಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. ಸ್ಕಾರ್ವೆನ್ ಕಟ್ಟಡದ ಹನ್ನೊಂದನೇ ಮಹಡಿಯ ಫ್ಲಾಟನ್ನು ನಿನ್ನ ಕೈಯಿಂದ ಕಿತ್ತುಕೊಂಡ ಮುದುಕಿ ನಾನೇ.

ಈಗ ಕಾಗದ ಕೆಳಗಿಟ್ಟು ಸ್ವಲ್ಪ ಓಡಾಡಿ ಬಾ. ಆಮೇಲೆ ಮುಂದೆ ಓದು.

ಮಂಗಳವಾರ ನೀನು ಫೋನು ಮಾಡಿ ಬಿಕ್ಕಿ ಬಿಕ್ಕಿ ಅತ್ತೆ. “ಅಮ್ಮಾ, ನಾನೊಂದು ಮನೆ ತಗೊಂಡಿದ್ದೆ, ನಿಂಗೆ ಹೇಳಿರ್ಲಿಲ್ಲ, ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಬಾರ್ದು ಅಂತ ಸುಮ್ನಿದ್ದೆ” ಅಂದೆ. ಹರಾಜಿನಲ್ಲಿ ಹನ್ನೆರಡು ಸಲ ಕೂಗಿ ಗೆದ್ದದ್ದು, ಕಚೇರಿಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಫೋನು ಹಿಡಿದು ಕೂತದ್ದು, ಸಿಗ್ನೆ ಆಗಲೇ ಗೋಡೆಗೆ ಬಣ್ಣ ಆರಿಸಿದ್ದು, ಎಲ್ಲ ಹೇಳಿದೆ. “ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಮ್ಮಾ. ಯಾವಳೋ ಮುದಿ ಗೂಬೆಯಂತೆ. ಸಂಘದಲ್ಲಿ ಎಪ್ಪತ್ತು ವರ್ಷದ ಹಿರಿತನವಂತೆ. ನಾಳೆ ಸಾಯೋಳಿಗೆ ಸಮುದ್ರ ಕಾಣೋ ಕಿಟಕಿ ಯಾಕೆ ಬೇಕಿತ್ತು?” ಎಂದು ಕೇಳಿದೆ. ನಾನು “ಅಯ್ಯೋ ಪುಟ್ಟಿ” ಅಂದೆ. “ಏನಾದ್ರೂ ಬಿಸಿಯಾಗಿ ತಿಂದು ಮಲಕ್ಕೋ” ಅಂದೆ.

ಇಲ್ಲಿಯ ನಿಯಮ ಇಷ್ಟು ಹೊತ್ತಿಗೆ ನಿನಗೆ ಬಾಯಿಪಾಠವಾಗಿರುತ್ತದೆ. ಸಹಕಾರ ಸಂಘದ ಮನೆ ಹರಾಜಿನಲ್ಲಿ ಯಾರಿಗೇ ನಿಲ್ಲಲಿ, ಗಡುವಿನೊಳಗೆ ಅವರಿಗಿಂತ ಹಳೆಯ ಸದಸ್ಯರೊಬ್ಬರು ಬಂದು ಅದೇ ಬೆಲೆಗೆ ನನಗೆ ಬೇಕು ಅಂದರೆ ಮುಗಿಯಿತು, ಮನೆ ಅವರದು. ನಿನಗೆ ಒಂಬತ್ತು ವರ್ಷದ ಹಿರಿತನ. ನನಗೆ ಎಪ್ಪತ್ತು. ನನಗೆ ನಾಮಕರಣವಾದ ವಾರವೇ ನಿನ್ನ ಅಜ್ಜ ಮೀನು ಡಬ್ಬಿಯ ಕಾರ್ಖಾನೆಯಿಂದ ನೇರವಾಗಿ ಸಂಘಕ್ಕೆ ಹೋಗಿ ನನ್ನ ಹೆಸರು ಬರೆಸಿದ್ದರು. “ನನ್ನ ಮಗಳಿಗೆ ಆಸ್ತಿ ಕೊಡಕ್ಕಾಗಲ್ಲ, ಸಾಲಲ್ಲಿ ಒಂದು ಜಾಗ ಕೊಡ್ತೀನಿ” ಅನ್ನುತ್ತಿದ್ದರಂತೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದೆ, ಎಲ್ಲಿಯೂ ಮೊದಲಿಗಳಾಗಲಿಲ್ಲ. ಇಡೀ ಊರಿನಲ್ಲಿ ಒಂದೇ ಒಂದು ಸಾಲಿನಲ್ಲಿ ನಾನು ಮುಂದೆ ನಿಂತಿದ್ದೆ. ಆ ಹಕ್ಕನ್ನು ಒಮ್ಮೆ ಬಳಸಿದರೆ ಹೋಯಿತು, ಮತ್ತೆ ಸೊನ್ನೆಯಿಂದ ಶುರು.

ನಿನ್ನ ಅಪ್ಪನಿಗೆ ಮೂರು ಸಲ ಕೇಳಿದ್ದೆ. ಮೊದಲ ಸಲ ನೀನು ಹುಟ್ಟುವ ಮುಂಚೆ, ಇದೇ ಸ್ಕಾರ್ವೆನ್‌ನಲ್ಲಿ, ಐದನೇ ಮಹಡಿ. ಸಮುದ್ರದ ನಡುವಿನ ತೈಲದ ವೇದಿಕೆಯಲ್ಲಿ ಕೆಲಸ ಮುಗಿಸಿ ಬಂದ ಔದುನ್ ಬೂಟು ಕೂಡ ಬಿಚ್ಚದೆ, “ಎರಡು ವಾರ ಸುತ್ತಲೂ ಅದನ್ನೇ ನೋಡಿ ಬರ್ತೀನಿ ಕಣೇ, ಮನೇಲೂ ಅದೇ ಬೇಕಾ?” ಎಂದ. ಅವನ ಮಾತೂ ಸುಳ್ಳಲ್ಲ. ಅವನು ಸಮುದ್ರದ ಮೇಲಿದ್ದ, ನಾನು ಈ ತಗ್ಗಿನಲ್ಲಿದ್ದೆ. ಅಡುಗೆಮನೆಯ ಕಿಟಕಿಯಾಚೆ ನಾಲ್ಕು ಮಾರು ದೂರಕ್ಕೆ ಬಂಡೆ. ನೀನು ಚಿಕ್ಕವಳಿದ್ದಾಗ ಅದಕ್ಕೆ ‘ಬೋಳಜ್ಜ’ ಎಂದು ಹೆಸರಿಟ್ಟಿದ್ದೆ, ನೆನಪಿದೆಯಾ? ನಿನಗದು ಆಟ. ನಾನು ನಲವತ್ತನಾಲ್ಕು ವರ್ಷ ಬೋಳಜ್ಜನ ಮುಖ ನೋಡಿಕೊಂಡು ಆಲೂಗಡ್ಡೆ ಸುಲಿದೆ. ಗಾಳಿ ಎದ್ದ ದಿನ ಅವನನ್ನು ವೇದಿಕೆಗೆ ಒಯ್ಯುವ ಹೆಲಿಕಾಪ್ಟರ್ ಹೊರಟಿತೋ ಇಲ್ಲವೋ ಎಂದು ನೋಡಲು ಮಹಡಿ ಹತ್ತಿ ಸ್ಟೂಲಿನ ಮೇಲೆ ನಿಲ್ಲಬೇಕಿತ್ತು.

ಎರಡನೇ ಸಲ ಕೇಳಿದಾಗ ನಿನ್ನ ಶಾಲೆ ಅಡ್ಡ ಬಂತು. ಮೂರನೇ ಸಲ ಹೂಂ ಅಂದಿದ್ದ. ಕಾಗದಕ್ಕೆ ಸಹಿ ಹಾಕಬೇಕಾದ ವಾರವೇ ಪಾರ್ಶ್ವವಾಯು ಬಡಿಯಿತು. ಆಮೇಲಿನ ಆರು ವರ್ಷ ನೀನೇ ಕಂಡಿದ್ದೀಯ. ಎತ್ತು, ಕೂರಿಸು, ತಿನ್ನಿಸು, ಒರೆಸು. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನು ಹೋದ ಮೇಲೆ ಎಲ್ಲರೂ ನನಗೆ ದುಃಖ ಎಂದುಕೊಂಡರು. ದುಃಖವೇನೋ ಇತ್ತು, ಅದಕ್ಕಿಂತ ಹೆಚ್ಚಾಗಿ ದಣಿವಿತ್ತು. ಒಂದೂವರೆ ವರ್ಷವಾಯಿತು, ಎಷ್ಟು ಮಲಗಿದರೂ ಆ ದಣಿವು ಹೋಗುತ್ತಿಲ್ಲ ಇಂಗ್ವಿಲ್.

ಹರಾಜಿಗೆ ಮುಂಚಿನ ಭಾನುವಾರ ಆ ಫ್ಲಾಟು ತೋರಿಸುತ್ತಿದ್ದಾರೆಂದು ನಾನೂ ಹೋಗಿದ್ದೆ. ಕೊನೆಯ ಹೊತ್ತಿಗೆ ಹೋದೆ, ಅಷ್ಟರಲ್ಲಿ ಜನ ಕರಗಿದ್ದರು. ಕಾಲಿಗೆ ಆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಲು ಬಗ್ಗಿದರೆ ಮೊಣಕಾಲು ಕಟಕ್ ಅಂತು. ಏಜೆಂಟ್ ಹೆಂಗಸು, “ಹೆಸರು ಬರೀರಿ ಅಮ್ಮಾ, ಪಟ್ಟಿ ಅಲ್ಲಿದೆ” ಅಂದಳು. ಪೆನ್ನು ಬರೆಯುತ್ತಿರಲಿಲ್ಲ, ಹಾಗಾಗಿ ಬರೆಯಲಿಲ್ಲ. ನೇರವಾಗಿ ಕಿಟಕಿಗೆ ಹೋದೆ. ಒಂದು ದೋಣಿ ಹೊರಗೆ ಹೋಗುತ್ತಿತ್ತು. ಅದು ದ್ವೀಪದ ಹಿಂದೆ ಮರೆಯಾಗುವ ತನಕ ನಿಂತೇ ಇದ್ದೆ. ಯಾರಿಗೂ ಅಡುಗೆ ಆಗಬೇಕಿರಲಿಲ್ಲ, ಯಾರೂ ಕೂಗಲಿಲ್ಲ. ಆ ಹೆಂಗಸು ಬಂದು, “ಬಾಗ್ಲು ಹಾಕ್ಬೇಕಿತ್ತು…” ಎಂದು ಮೆಲ್ಲಗೆ ಅಂದಾಗಲೇ ನನಗೆ ಎಚ್ಚರವಾದದ್ದು.

ಹರಾಜಿನಲ್ಲಿ ಯಾರು ಕೂಗುತ್ತಿದ್ದಾರೆಂದು ಹೊರಗಿನವರಿಗೆ ಹೇಳುವುದಿಲ್ಲ. ಯಾರೋ ಗೆದ್ದರು ಎಂದಷ್ಟೇ ಸಂಘದ ಜಾಲತಾಣದಲ್ಲಿ ಹಾಕಿದ್ದರು. ಯಾರೋ ದುಡ್ಡಿದ್ದ ಗಂಡ ಹೆಂಡತಿ ಇರಬೇಕು, ಇದು ಬಿಟ್ಟರೆ ಇನ್ನೊಂದು ಸಿಗುತ್ತದೆ ಎಂದುಕೊಂಡು ಕೊನೆಯ ದಿನ ಅರ್ಜಿ ಕೊಟ್ಟೆ. ಅದು ನೀನು ಎಂದು ಮಂಗಳವಾರ ನೀನು ಫೋನು ಮಾಡಿದಾಗಲೇ ನನಗೆ ತಿಳಿದದ್ದು.

ಸಿಗ್ನೆಗೆ ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ. ಗಂಡ ರೂನೆಯನ್ನು ಬಿಟ್ಟು ಬಂದ ಮೇಲೆ ಎರಡು ವರ್ಷದಿಂದ ಆ ನೆಲಮಾಳಿಗೆಯ ಬಾಡಿಗೆ ಮನೆಯಲ್ಲಿ ನೀವಿಬ್ಬರೂ ಇದ್ದೀರಿ. ಕಿಟಕಿಯಲ್ಲಿ ಹಾದು ಹೋಗುವವರ ಕಾಲು ಮಾತ್ರ ಕಾಣುತ್ತದೆ. ನಾನದನ್ನು ಮರೆತಿಲ್ಲ. ಈ ಮನೆಯನ್ನು ನಿನಗೆ ಬಿಟ್ಟು ಹೋಗೋಣವೆಂದರೆ ಇದನ್ನು ಮಾರದೆ ಅದನ್ನು ಕೊಳ್ಳುವ ಹಾಗಿಲ್ಲ. ಫ್ಲಾಟಿನಲ್ಲಿ ಚಿಕ್ಕ ಕೋಣೆಯೊಂದಿದೆ. ಶನಿವಾರ ಭಾನುವಾರ ಸಿಗ್ನೆ ಅಲ್ಲಿರಬಹುದು, ಅವಳು ಆರಿಸಿದ ಬಣ್ಣವನ್ನೇ ಬಳಿಸುತ್ತೇನೆ. ನನ್ನ ನಂತರ ಅದು ನಿನ್ನದು. ಸಂಘದ ಕೌಂಟರಿನಲ್ಲಿ ವಿಚಾರಿಸಿದ್ದೇನೆ: “ಹೊಟ್ಟೇಲಿ ಹುಟ್ಟಿದವ್ರಿಗೆ ಹೋಗೋವಾಗ ಯಾರ ಹಿರಿತನವೂ ನಡೆಯಲ್ಲ” ಎಂದರು. ಸಾಯುವ ಮಾತನ್ನು ಮುಂದಿಟ್ಟು ನಿನ್ನನ್ನು ಸಮಾಧಾನ ಮಾಡುತ್ತಿದ್ದೇನೆ, ನನಗೂ ಅಸಹ್ಯವಾಗುತ್ತಿದೆ.

“ಬಿಟ್ಟು ಕೊಡು ಅಮ್ಮ” ಎಂದು ಮಾತ್ರ ಕೇಳಬೇಡ. ನೀನು ಕೇಳಿದರೆ ನಾನು ಬಿಟ್ಟು ಕೊಟ್ಟುಬಿಡುತ್ತೇನೆ. ಬದುಕಿಡೀ ಅದನ್ನೇ ಮಾಡಿದ್ದೇನೆ, ಕೈಗೆ ಅದೇ ರೂಢಿಯಾಗಿದೆ. ಅದಕ್ಕೇ ಕೈಮುಗಿದು ಹೇಳುತ್ತೇನೆ, ಕೇಳಬೇಡ.

ಏಪ್ರಿಲ್ ಇಪ್ಪತ್ತಕ್ಕೆ ಕೀಲಿ ಕೊಡುತ್ತಾರೆ. ಮುಂದಿನ ಭಾನುವಾರ ವಾಫಲ್ ಮಾಡಿ ಕಾಯುತ್ತೇನೆ. ಬರಬೇಕು ಅನ್ನಿಸಿದರೆ ಬಾ. ಬಯ್ಯಲಿಕ್ಕಾದರೂ ಸರಿ, ಬಾ.

ನಿನ್ನ ಅಮ್ಮ,
ಆ ಮುದಿ ಗೂಬೆ,
ಗುನ್ವೋರ್

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅದನ್ನು ಹಾಗೇ ಕಳಿಸಿದರೆ ಆ ಕಿಟಕಿಯ ಮುಂದೆ ನಾನು ನೆಮ್ಮದಿಯಾಗಿ ಕೂರಲಾರೆ. ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು. ಪಟ್ಟಿಯಲ್ಲಿ ನಾನು ಬರೆಯಬೇಕಾದ ಸಾಲಿನ ಮೇಲೆಯೇ ನಿನ್ನ ಹೆಸರಿತ್ತು. ಫೋನ್ ನಂಬರಿನ ಏಳಕ್ಕೆ ನಿನ್ನ ಅಪ್ಪನ ಹಾಗೆ ಅಡ್ಡಗೆರೆ, ಪಕ್ಕದಲ್ಲಿ ಸಿಗ್ನೆ ಬಿಡಿಸಿದ ಪುಟ್ಟ ಹಕ್ಕಿ. ನೋಡಿದ ಮೇಲೆಯೇ ನಾನು ಪೆನ್ನು ಕೆಳಗಿಟ್ಟದ್ದು. ಮರುದಿನ ಸಂಘದಿಂದ ಎರಡು ಅರ್ಜಿ ತಂದೆ. ಒಂದು, ನನ್ನ ಎಪ್ಪತ್ತು ವರ್ಷವನ್ನೂ ಮಗಳ ಹೆಸರಿಗೆ ಬರೆದುಕೊಡುವುದಕ್ಕೆ, ಆಮೇಲೆ ನಿನ್ನನ್ನು ಯಾರೂ ಅಲ್ಲಾಡಿಸುವಂತಿರಲಿಲ್ಲ. ಇನ್ನೊಂದು, ಮನೆ ನನಗೇ ಬೇಕು ಎನ್ನುವುದಕ್ಕೆ. ನಿನ್ನದನ್ನೇ ಮೊದಲು ತುಂಬಿದೆ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಬರೆದೆ, ಸಹಿ ಒಂದು ಉಳಿದಿತ್ತು. ಆಗ ತಲೆ ಎತ್ತಿದೆ. ಕಿಟಕಿಯಾಚೆ ಬೋಳಜ್ಜ ನಿಂತಿದ್ದ. ನಿನ್ನ ಅರ್ಜಿಯನ್ನು ಒಲೆಗೆ ಹಾಕಿ, ಇನ್ನೊಂದಕ್ಕೆ ಸಹಿ ಮಾಡಿದೆ.