ಪ್ರೋಬ್ ತೆಗೆದ ಮೇಲೆ

ಮಾರ್ಚ್ 3, ಸೋಮವಾರ

ಮತ್ತೆ ಅದೇ ಬೋರ್ಡು. ಸ್ವಿಚ್ ಹಾಕಿದೆ, ಕರೆಂಟಿನ ಅಲೆ ತೋರಿಸುವ ಸ್ಕೋಪಿನ ಪ್ರೋಬ್ ಸಿಕ್ಕಿಸಿದೆ, ಟೀ ತಂದುಕೊಂಡು ಕೂತೆ. ಸಂಜೆವರೆಗೂ ಒಂದು ಸಲವೂ ಕೈಕೊಡಲಿಲ್ಲ. ಆಸ್ಪತ್ರೆಯವರು ಮಾತ್ರ ಇದು ತಾನಾಗಿಯೇ ಆಫ್ ಆಗುತ್ತದೆ ಎಂದು ವಾಪಸ್ ಕಳಿಸಿದ್ದಾರೆ. ಹಸುಗೂಸುಗಳನ್ನು ಬೆಚ್ಚಗಿಡುವ ವಾರ್ಮರಿನ ಪವರ್ ಸಪ್ಲೈ. ನಾನೇ ಡಿಸೈನ್ ಮಾಡಿದ್ದು.

ಮನೆಗೆ ಬಂದರೆ ಅಕ್ಕ: “ಏನೋ ಅದು, ಹರಳೆಣ್ಣೆ ಕುಡಿದ ಮುಖ?”

“ಬೋರ್ಡು ಕೆಟ್ಟಿಲ್ಲ ಅಕ್ಕ. ಅದೇ ತೊಂದರೆ.”

“ಸರಿಯಿದ್ರೂ ಕಷ್ಟ ನಿಂಗೆ!”

ಮಾರ್ಚ್ 4, ಮಂಗಳವಾರ

ಇವತ್ತೂ ಏನೂ ಇಲ್ಲ. ಬೋರ್ಡಿನ ಚಿಪ್‌ನೊಳಗಿನ ಕಂಪ್ಯಾರೇಟರಿನ ಮೇಲೇ ಎಲ್ಲರ ಅನುಮಾನ. ಅದಕ್ಕಿರುವುದು ಒಂದೇ ಕೆಲಸ — ಕರೆಂಟು ನಾನು ಹಾಕಿಕೊಟ್ಟ ಮಿತಿ ದಾಟಿತೋ ಇಲ್ಲವೋ ನೋಡುವುದು. ದಾಟಿದರೆ ಪ್ರೋಗ್ರಾಮನ್ನೂ ಕೇಳುವುದಿಲ್ಲ, ನನ್ನನ್ನೂ ಕೇಳುವುದಿಲ್ಲ, ಸಪ್ಲೈ ಕಡಿದುಹಾಕುತ್ತದೆ. ಮೂಗಿನ ತುದಿಯಲ್ಲೇ ಕೋಪ. ಇರಬೇಕಾದ್ದೇ, ಇಲ್ಲದಿದ್ದರೆ ಬೋರ್ಡು ಸುಟ್ಟುಹೋದೀತು. ಆದರೆ ಕಾರಣವಿಲ್ಲದೆ ಕಡಿದರೆ?

ಪ್ರೋಗ್ರಾಂ ಬರೆಯುವವನಿಗೆ ಆಫೀಸಿನಲ್ಲಿ ಜಡ್ಜ್ ಎಂದು ಹೆಸರು. ವಾದ ಕೇಳುವ ಮೊದಲೇ ತೀರ್ಪು ಕೊಡುತ್ತಾನೆ.

“ಬರೀ ನಾಯ್ಸ್ ಸಾರ್, ಲೈನಲ್ಲಿ ಬರೋ ಕಸ. ಸುಮ್ಸುಮ್ನೆ ಬೆಚ್ಚಿಬೀಳ್ತಿದೆ. ಫಿಲ್ಟರ್ ಜಾಸ್ತಿ ಮಾಡ್ಬಿಡೋಣ. ಮಿತಿ ದಾಟಿ ಒಂಚೂರು ಹೊತ್ತು ಹಾಗೇ ಇದ್ರೆ ಮಾತ್ರ ಕಡೀಲಿ.”

“ನಿಜವಾಗ್ಲೂ ದಾಟಿದ್ರೆ?”

“ಹಾಗಿದ್ರೆ ಸ್ಕೋಪಲ್ಲಿ ಕಾಣ್ಬೇಕಲ್ಲ ಸಾರ್?”

ಕಾಣುತ್ತಿಲ್ಲ.

ಮಾರ್ಚ್ 6, ಗುರುವಾರ

ವಾರ್ಡಿಗೆ ಹೋಗಿ ಬಂದೆ. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ನಮ್ಮ ವಾರ್ಮರುಗಳು ಇನ್ನೆರಡಿವೆ, ಎರಡರ ಕೆಳಗೂ ಒಂದೊಂದು ಕೂಸು. ಒಂದರ ಮುಷ್ಟಿ ನನ್ನ ಹೆಬ್ಬೆರಳಿನಷ್ಟಿಲ್ಲ.

ಸಿಸ್ಟರ್ ಗಟ್ಟಿ ಹೆಂಗಸು. “ಅವತ್ತು ನಾನು ಬಂದು ಮುಟ್ಟಿ ನೋಡಿದ್ರೆ ಮಗು ಕಾಲು ತಣ್ಣಗಾಗ್ಬಿಟ್ಟಿತ್ತು ಕಣ್ರೀ. ನೀವು ಬಂದಾಗ ಮಾತ್ರ ನಿಮ್ಮ ಮಷಿನ್ನು ಒಳ್ಳೇ ಮಗು ಥರ ಇರತ್ತೆ.”

ನಗಬೇಕೆಂದುಕೊಂಡೆ, ಆಗಲಿಲ್ಲ. ತಣ್ಣಗಾದ ಕಾಲು… ಆದರೂ ಬಾಯಿ ತಾನಾಗಿಯೇ ಹೇಳಿತು: “ಈ ಎರಡು ಚೆನ್ನಾಗಿವೆ ಸಿಸ್ಟರ್, ಧೈರ್ಯವಾಗಿ ಬಳಸಿ.” ಯಾವ ಆಧಾರದ ಮೇಲೆ ಹೇಳಿದೆನೋ.

ಮಾರ್ಚ್ 8, ಶನಿವಾರ

ಅಕ್ಕನ ಮಂಡಿಯನ್ನು ಡಾಕ್ಟರಿಗೆ ತೋರಿಸಿದ್ದಾಯಿತು. ತಿಂಗಳಿಂದ ಮೆಟ್ಟಿಲು ಹತ್ತಲು “ಅಯ್ಯೋ ಅಮ್ಮಾ” ಎನ್ನುವವಳು ಅಲ್ಲಿ ಹುಡುಗಿಯ ಹಾಗೆ ನಡೆದು ತೋರಿಸಿದಳು. ಆಟೋದಲ್ಲಿ ಕೂತ ಕೂಡಲೇ ನೋವು ವಾಪಸ್.

ನಕ್ಕುಬಿಟ್ಟೆ. ಸಿಟ್ಟು ಬಂತು ಅವಳಿಗೆ. “ಅವ್ರು ಮುಟ್ಟಿದ್ ತಕ್ಷಣ ಎಲ್ಲಿ ಹೋಗತ್ತೋ ನಂಗೇನೋ ಗೊತ್ತು! ಸುಳ್ಳು ಹೇಳ್ತೀನಾ ನಾನು?”

ಇಲ್ಲ. ಸುಳ್ಳಲ್ಲ.

ಮಾರ್ಚ್ 10, ಸೋಮವಾರ

ಸಿಕ್ಕಿತು! ಊಟಕ್ಕೆ ಹೋಗುವಾಗ ಪ್ರೋಬ್ ಬೇರೆಯವರಿಗೆ ಬೇಕಾಗಿತ್ತು, ತೆಗೆದುಕೊಟ್ಟೆ. ಬಂದು ನೋಡಿದರೆ ಬೋರ್ಡು ಆಫ್. ಪ್ರೋಬ್ ಹಾಕಿದೆ — ಓಡಿತು. ತೆಗೆದೆ — ಸ್ವಲ್ಪ ಹೊತ್ತಿಗೆ ಆಫ್. ಅಂದರೆ ನೋಡಲು ಹಾಕಿದ ಪ್ರೋಬೇ ಕರೆಂಟಿನ ಚೂಪಾದ ಅಲೆಯನ್ನು ಕಂಪ್ಯಾರೇಟರಿಗೆ ಕಾಣದ ಹಾಗೆ ನುಂಗಿಹಾಕುತ್ತಿದೆ. ಅಕ್ಕನ ಮಂಡಿ, ಸಾಕ್ಷಾತ್! ನಾವು ಪಾಸ್ ಮಾಡಿದ ಬೋರ್ಡುಗಳೆಲ್ಲ ಪ್ರೋಬ್ ನೇತುಹಾಕಿಕೊಂಡೇ ಪಾಸಾದವು.

ಜಡ್ಜ್ ಕುಣಿದ. “ನಾ ಹೇಳ್ಲಿಲ್ವಾ? ಪ್ರೋಬ್ ಸಿಕ್ಕಿಸಿದ್ ಮಾತ್ರಕ್ಕೆ ಮಾಯ ಆಗತ್ತೆ ಅಂದ್ರೆ ನಾಯ್ಸೇ. ನಾಳೆ ಲ್ಯಾಪ್‌ಟಾಪ್ ತಗೊಂಡು ಹೋಗಿ ವಾರ್ಡಿನ ಎರಡಕ್ಕೂ ಹೊಸ ಫಿಲ್ಟರ್ ಹಾಕ್ಬರ್ತೀನಿ.”

ಹೂಂ ಎಂದೆ. ಕೂಸುಗಳ ಕಾಲು ಬೆಚ್ಚಗಿದ್ದರೆ ಸಾಕು.

ಮಾರ್ಚ್ 11, ಮಂಗಳವಾರ

ಜಡ್ಜ್ ಹಾಕಿಬಂದ. ಸಿಸ್ಟರ್ ಟೀ ಕೊಟ್ಟರಂತೆ.

ನನಗೆ ತಲೆಬುಡ ತಿಳಿಯುತ್ತಿಲ್ಲ. ಹೊಸ ಬೋರ್ಡೊಂದನ್ನು ಪ್ರೋಬ್ ಇಲ್ಲದೆ ಇಡೀ ದಿನ ಓಡಿಸಿದೆ. ಆಫ್ ಆಗಲಿಲ್ಲ. ಬರೀ ನಾಯ್ಸ್ ಆದರೆ ಇದಕ್ಕೂ ಬರಬೇಕಲ್ಲ? ಕಂಪ್ಯಾರೇಟರ್ ಸುಮ್ಮನೆ ಬೆಚ್ಚುತ್ತಿತ್ತೋ, ಏನನ್ನಾದರೂ ಕಂಡು ಬೆಚ್ಚುತ್ತಿತ್ತೋ? ಮುಟ್ಟದೆ ನೋಡುವುದು ಹೇಗೆ?

ಅಕ್ಕನನ್ನೇ ಕೇಳಿದೆ. “ನಿನ್ನ ನೋವು ಯಾರೂ ನೋಡದೆ ಗೊತ್ತಾಗೋದು ಹೇಗೆ ಅಕ್ಕ?”

“ನನ್ನ ಕೇಳು, ಹೇಳ್ತೀನಿ. ಯಂತ್ರ ಯಾಕೆ ಬೇಕು?”

ಮಾರ್ಚ್ 12, ಬುಧವಾರ, ಮಧ್ಯಾಹ್ನ 3

ಸರಿ, ಕಂಪ್ಯಾರೇಟರನ್ನೇ ಕೇಳಿದೆ. ಪ್ರೋಬ್ ಇಲ್ಲ, ಹೊಸ ಫಿಲ್ಟರ್ ಇಲ್ಲ. ಮಿತಿಯನ್ನು ಮೇಲಿನಿಂದ ಮೆಲ್ಲಮೆಲ್ಲಗೆ ಇಳಿಸುತ್ತ ಬಂದರೆ ಅದು ಎಲ್ಲಿ ಕಡಿಯುತ್ತದೋ ಅಲ್ಲಿಯವರೆಗೆ ಕರೆಂಟು ಏರಿದೆ ಎಂದರ್ಥ. ವಾಪಸ್ ಬಂದ ಹಳೇ ಬೋರ್ಡು: ಬಿಸಿಯಾದಷ್ಟೂ ಕರೆಂಟು ಮೇಲೆ. ಹೊಸ ಬೋರ್ಡು: ಏನೂ ಇಲ್ಲ… ಎಂದುಕೊಳ್ಳುವಾಗ ಫ್ಯಾನ್ ಕಣ್ಣಿಗೆ ಬಿತ್ತು. ನನ್ನ ಟೇಬಲ್ ಮೇಲೆ ಫ್ಯಾನ್ ತಿರುಗುತ್ತದೆ. ವಾರ್ಡಿನಲ್ಲಿ ಈ ಬೋರ್ಡು ಮುಚ್ಚಿದ ಡಬ್ಬಿಯಲ್ಲಿ, ಹೀಟರಿನ ಪಕ್ಕ ಇರುತ್ತದೆ.

ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ್ದೇನೆ.

3.50

ಏರುತ್ತಿದೆ. ಹೊಸದೂ ಏರುತ್ತಿದೆ. ಮುಚ್ಚಳ ಮುಟ್ಟಲಾಗುತ್ತಿಲ್ಲ. ಬೋರ್ಡಿನ ಟ್ರಾನ್ಸ್‌ಫಾರ್ಮರಿನ ದೋಷವೇ? ಇರಬೇಕು. ಖಾತ್ರಿಯಿಲ್ಲ. ಇಷ್ಟು ಮಾತ್ರ ಖಾತ್ರಿ — ಕರೆಂಟು ನಿಜವಾಗಿಯೂ ಮಿತಿ ದಾಟುತ್ತಿತ್ತು. ಕಂಪ್ಯಾರೇಟರ್ ಸರಿಯಾಗಿಯೇ ಕಡಿಯುತ್ತಿತ್ತು. ನಿನ್ನೆ ವಾರ್ಡಿನ ಎರಡರಲ್ಲೂ ನಾವು ಹೊಸ ಫಿಲ್ಟರ್ ಹಾಕಿ ಅದರ ಬಾಯಿ ಕಟ್ಟಿ ಬಂದಿದ್ದೇವೆ. ಇನ್ನು ಅವು ಆಫ್ ಆಗುವುದಿಲ್ಲ. ಸುಡುತ್ತವೆ.

ವಾರ್ಡಿಗೆ ರಿಂಗ್ ಆಗುತ್ತಿದೆ, ಯಾರೂ ಎತ್ತುತ್ತಿಲ್ಲ. ಜಡ್ಜ್ ಬೈಕ್ ತೆಗೆದು ಹೊರಟ. ಫೋನ್ ಕಿವಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಎತ್ತಿದರು. ಸಿಸ್ಟರೇ.

“ಓ, ನೀವಾ! ನೂರು ವರ್ಷ ಆಯಸ್ಸು ನಿಮ್ಗೆ, ಈಗಷ್ಟೇ ನೆನೆಸ್ಕೊಂಡೆ. ನಿನ್ನೆಯಿಂದ ಒಂದ್ಸಲಾನೂ ಆಫ್ ಆಗಿಲ್ಲ ಕಣ್ರೀ. ಎಷ್ಟು ಚೆನ್ನಾಗಿ ಬಿಸಿಯಾಗ್ತಿದೆ ಅಂದ್ರೆ—”