ತಮ್ಮನ ಹೆಸರಿಗೆ ಬಂದ ಕಾಗದ

12 ಫೆಬ್ರವರಿ 1996, ಸೋಮವಾರ

ಐದೂವರೆಗೆ ಹಾಲಿನ ಡೈರಿ ಬಾಗಿಲು ತೆಗೆದೆ. ಸಿದ್ದಲಿಂಗಮ್ಮನ ಹಾಲಿಗೆ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬರಲಿಲ್ಲ, ವಾಪಸ್ ಕಳಿಸಿದೆ. ಎಲ್ಲರ ಮುಂದೆ. “ನೀರು ಆಕಿಲ್ಲ ಕಣಪ್ಪ ಸೆಕ್ರೆಟ್ರಿ” ಅಂತ ಗೋಗರೆದಳು.

ನಾಡಿದ್ದು ಮೈಸೂರು. ಕೆ.ಆರ್. ಪೇಟೆ ಡಾಕ್ಟರು ಸ್ಕ್ಯಾನಿಂಗಿಗೆ ಚೀಟಿ ಬರೆದಿದ್ದಾರೆ. ಎರಡು ವರ್ಷವಾಯಿತು ಪ್ರಮೀಳನ ಜೊತೆ ಗಂಡನಾಗಿ ಮಲಗಿ. ಅವಳಿಗೆ ಮಂಡ್ಯದಲ್ಲಿ ಮೀಟಿಂಗ್ ಅಂದಿದ್ದೇನೆ.

14, ಬುಧವಾರ — ಬಸ್ಸಿನಲ್ಲಿ

ಮೈಸೂರಿನ ಸ್ಕ್ಯಾನಿಂಗ್ ಕೌಂಟರಿನಲ್ಲಿ ಹೆಸರು ಕೇಳಿದರು. ಬಾಯಿಗೆ ಬಂದದ್ದು ತಮ್ಮನ ಹೆಸರು — ಚಿಕ್ಕಸ್ವಾಮಿ. ಯಾಕೋ...

ಒಳಗೆ ಅಲ್ಲಿಗೇ ಸೂಜಿ ಚುಚ್ಚಿದರು. ಆ ಔಷಧಿಗೆ ಬಿಗಿಯಾಗಬೇಕಂತೆ, ರಕ್ತ ಎಷ್ಟು ಹರಿಯುತ್ತದೆ ಅಂತ ಮೆಷಿನ್ ತೋರಿಸುತ್ತಂತೆ. ತಣ್ಣನೆ ಜೆಲ್ಲಿ. ಇಪ್ಪತ್ತು ನಿಮಿಷ ಗೋಡೆ ನೋಡಿಕೊಂಡು ಮಲಗಿದ್ದೆ. ಅರೆಬರೆ ಎದ್ದು ಸೋತುಹೋಯಿತು. “ರಕ್ತ ಕಮ್ಮಿ ಹೋಗ್ತಿದೆ. ಸಕ್ಕರೆ ಕಾಯಿಲೆ ಮಾಡಿರೋ ಕೆಲಸ. ನಾಚ್ಕೋಬೇಡಿ, ದಾರಿ ಇದೆ” ಅಂದರು ಡಾಕ್ಟರು. ಲ್ಯಾಕ್ಟೋಮೀಟರ್ ಅದ್ದಿ ನೋಡುವವನು ನಾನು. ಸಿದ್ದಲಿಂಗಮ್ಮ ನೆನಪಾದಳು.

ರಿಪೋರ್ಟ್ ಟೈಪಾಗಲು ಎರಡು ಗಂಟೆ ಅಂದರು. ಆ ಬೆಂಚಿನ ಮೇಲೆ ಕೂರಲಾರೆ. ಪೋಸ್ಟಿಗೆ ಹಾಕಿ ಅಂತ ಡೈರಿ ವಿಳಾಸ ಕೊಟ್ಟು ಬಂದೆ. ಅಲ್ಲಾದರೆ ನಾನೇ ತೆಗೆದುಕೊಳ್ಳಬಹುದು.

21, ಬುಧವಾರ

ಭೂಮಿ ಬಾಯಿ ಬಿಡಬಾರದಿತ್ತೇ.

ಚಿಕ್ಕಸ್ವಾಮಿಯ ವೀಳ್ಯಶಾಸ್ತ್ರಕ್ಕೆ ದಿನ ಗೊತ್ತುಮಾಡಲು ಹೆಣ್ಣಿನ ಅಪ್ಪ ಕೆಂಪಣ್ಣ ಮೇಷ್ಟ್ರು ಅಕ್ಕಿಹೆಬ್ಬಾಳಿನಿಂದ ಬಂದಿದ್ದರು. ಊಟಕ್ಕೆ ಎಲೆ ಹಾಕಿಯಾಗಿತ್ತು. ಪೋಸ್ಟ್‌ಮನ್ ಹೆಸರು ನೋಡಿ, ಡೈರಿ ಬಿಟ್ಟು ಮನೆಗೇ ತಂದ. ಚಿಕ್ಕಸ್ವಾಮಿ ಅರ್ಜಿ ಹಾಕಿದ್ದ ಕೆಲಸದ ಆರ್ಡರೇ ಬಂತು ಅಂತ ಅವ್ವನ ಸಂಭ್ರಮ. “ಇಂಗ್ಲೀಸ್‌ನಾಗೈತೆ, ವಸಿ ಓದಿ ಏಳಿ ಮೇಷ್ಟ್ರೇ” ಅಂತ ಅವರ ಕೈಗೇ ಕೊಟ್ಟಳು. ನಾನು ಅಲ್ಲೇ, ನೀರಿನ ಚೊಂಬು ಹಿಡಿದು.

ಓದಿದರು. ಮಡಿಚಿ ಎಲೆ ಪಕ್ಕ ಇಟ್ಟರು. “ಬತ್ತೀನಿ ಕಣಮ್ಮ” ಅಂದರು. ಊಟ ಮಾಡಲಿಲ್ಲ.

ನಾನು ಬಾಯಿ ಬಿಡಲಿಲ್ಲ.

25, ಭಾನುವಾರ

ಹೆಣ್ಣು ಕೊಡುವುದಿಲ್ಲ ಅಂತ ಹೇಳಿಕಳಿಸಿದ್ದಾರೆ. ಊರಿಗೆಲ್ಲ ಗೊತ್ತು. ಚಿಕ್ಕಸ್ವಾಮಿ ಗದ್ದೆ ಕಡೆಗೂ ಹೋಗುತ್ತಿಲ್ಲ. “ನಾನು ಮೈಸೂರ್ಗೇ ಓಗಿಲ್ಲ ಕಣಣ್ಣ, ನೀನಾದ್ರೂ ಏಳು ಅವ್ರಿಗೆ” ಅಂತ ಅತ್ತ. ನನ್ನ ಹತ್ತಿರ ಬಂದು ಅತ್ತ. ನಾಯಿಗೂ ಕಡೆ ನಾನು.

ಪ್ರಮೀಳ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಅಂಗಿ ಜೇಬ್ನಲ್ಲಿ ಮೈಸೂರು ಟಿಕೀಟಿತ್ತು” ಅಂದಳು. ಬಿಡಿಸಿದ ಕಡ್ಡಿ ಪಕ್ಕಕ್ಕೆ ಸರಿಸಿ — “ನೀವು ಏಳ್ತಿರೋ, ನಾನೇ ಓಗಿ ಏಳ್ಳೋ?”

26, ಸೋಮವಾರ — ಬೆಳಗ್ಗೆ 9, ಅಕ್ಕಿಹೆಬ್ಬಾಳು

ಮೇಷ್ಟ್ರ ಮನೆ ಜಗಲಿ. ಸ್ನಾನಕ್ಕೆ ಹೋಗಿದ್ದಾರಂತೆ. ಅವರ ಹೆಂಡತಿ ಕಾಫಿ ತಂದುಕೊಟ್ಟರು. “ನಿಮ್ಗೆ ಸಕ್ರೆ ಕಾಯ್ಲೆ ಅಲ್ವಾ, ಸಕ್ರೆ ಆಕಿಲ್ಲ ಕಣಪ್ಪ.” ಇಷ್ಟಾದ ಮೇಲೂ ನೆನಪಿಟ್ಟಿದ್ದಾರೆ.

ಬಾಯಲ್ಲಿ ಬರುವುದಿಲ್ಲ, ಗೊತ್ತು. ಈ ಹಾಳೆ ಹರಿದು ಕೈಗೆ ಕೊಡುವುದು. ಓದಿಕೊಳ್ಳಲಿ.

ಮೇಷ್ಟ್ರೇ, ಆ ಕಾಗದದಲ್ಲಿರುವ ಗಂಡಸು ನನ್ನ ತಮ್ಮ ಅಲ್ಲ. ಅದು